ಬಲಬಾಗಿಲಿನ ರಾಟೆ

ನನ್ನ ಚಿನಕುರುಳಿ,

ಈ ಕಾಗದವನ್ನು ಹಡಗಿನಲ್ಲಿ ಯಾರ ಎದುರಿಗೂ ಬಿಚ್ಚಬೇಡ. ಈ ಹೆಸರು ನಿನ್ನ ಜೊತೆಯವರ ಕಿವಿಗೆ ಬಿದ್ದರೆ ಸಮುದ್ರದಲ್ಲಿರುವ ಆರು ತಿಂಗಳೂ ನಿನ್ನ ಜೀವ ತಿಂದುಹಾಕುತ್ತಾರೆ. ಒಬ್ಬಳೇ ಇರುವಾಗ ಓದು. ಕೂತು ಓದು.

ಭಾನುವಾರ ಬಾ ಎಂದಿದ್ದೀಯ. ಹಡಗು ಹೊರಡುವ ಮುಂಚೆ ಮನೆಯವರೆಲ್ಲ ಬಂದು ನೋಡಿ ಹೋಗುವ ದಿನ ಅದು, ನಿನ್ನ ಪೈಲಟ್ಟುಗಳಿಗೂ ಮೇಲಿನವರಿಗೂ ನನ್ನನ್ನು ತೋರಿಸಬೇಕು ಎಂದಿದ್ದೀಯ. ಅವರು ನನ್ನ ಮುಖ ನೋಡುವ ಮೊದಲು ನಿನಗೊಂದು ಮಾತು ಹೇಳಬೇಕು. ಹತ್ತೊಂಬತ್ತು ವರ್ಷದಿಂದ ಗಂಟಲಲ್ಲೇ ಕೂತಿರುವ ಮಾತು. ಬೆಳಗ್ಗೆ ಎಂಟಕ್ಕೆ ಬರೆಯಲು ಕೂತವನು ಆಗಲೇ ಐದು ಸಲ ಎದ್ದಿದ್ದೇನೆ. ಮೇಜಿನ ಆ ತುದಿಯಲ್ಲಿ ನಿನ್ನ ಹೆಲಿಕಾಪ್ಟರು ಕೊನೆಯ ಕೋಟು ವಾರ್ನಿಷ್ ಬಳಿಸಿಕೊಂಡು ಒಣಗುತ್ತಿದೆ. ಒಣಗಿತೋ ಇಲ್ಲವೋ ಎಂದು ನೋಡುವುದು ನನಗೆ ಒಳ್ಳೆಯ ನೆಪ. ಕೊರಿಯರಿನವನು ನಾಲ್ಕಕ್ಕೆ ಬಾಗಿಲು ಹಾಕುತ್ತಾನೆ, ಅಷ್ಟರೊಳಗೆ ಹೇಳಿ ಮುಗಿಸಬೇಕು. ಮೊದಲು ಹೆಲಿಕಾಪ್ಟರಿನ ವಿಷಯ ಬರೆಯುತ್ತೇನೆ. ಅದು ಸುಲಭ.

ತರಬೇತಿ ಮುಗಿದ ವಾರ ನೀನು ಕಳಿಸಿದ ಆ ಪೆಟ್ಟಿಗೆ ಹದಿನಾಲ್ಕು ತಿಂಗಳು ಬೀರುವಿನ ಮೇಲೆ ಧೂಳು ತಿಂದಿತು. ನಿನ್ನ ತರಬೇತಿ ಮುಗಿದ ಸಮಾರಂಭಕ್ಕೆ ನಾನು ಬರಲಿಲ್ಲ. ಯಾರದೋ ಹಲ್ಲುಸೆಟ್ಟು ತುರ್ತಾಗಿ ಕಟ್ಟಿಕೊಡಬೇಕು ಎಂದು ನೆಪ ಹೇಳಿದ್ದೆ. ನೀನು ಸಿಟ್ಟು ಮಾಡಿಕೊಳ್ಳುವ ಬದಲು ಉಡುಗೊರೆ ಕಳಿಸಿದೆ, ನನಗೆ ಅದು ಇನ್ನೂ ಚುಚ್ಚಿತು. ಪೆಟ್ಟಿಗೆಯೊಳಗೆ ನಿನ್ನ ಚೀಟಿ ಇತ್ತು: "ಅಪ್ಪಾ, ಅಂಗಡೀಲಿ ಸೈನ್ಯದ್ದು ಮಾತ್ರ ಸಿಕ್ತು. ನಮ್ಮದು ನೌಕಾಪಡೇದು. ಏನೇನು ಬೇರೆ ಇರುತ್ತೆ ಅಂತ ಹಿಂದುಗಡೆ ಬರೆದಿದೀನಿ. ನಿನ್ನ ಕೈಗೆ ಇದೇನು ಮಹಾ!" ಆ ಚೀಟಿಯನ್ನೂ ನಾನು ಓದಿದ್ದು ಮೂರು ವಾರದ ಹಿಂದೆ, ನೀನು ಫೋನಿನಲ್ಲಿ ಅಮ್ಮನಿಗೆ ಹಡಗು ಹೊರಡುವ ತಾರೀಖು ಹೇಳಿದ ದಿನ. ಅವತ್ತು ಕುರ್ಚಿ ಹಾಕಿಕೊಂಡು ಹತ್ತಿ ಪೆಟ್ಟಿಗೆ ಇಳಿಸಿದೆ. ನಿಮ್ಮಮ್ಮ ಕುರ್ಚಿ ಹಿಡಿದುಕೊಂಡಿದ್ದಳು, "ಈಗಲಾದ್ರೂ ಜ್ಞಾನೋದಯ ಆಯ್ತಲ್ಲ" ಎಂದಳು.

ಬಿಚ್ಚಿ ನೋಡಿದರೆ ಮಾದರಿ ಜೋಡಿಸುವ ಕಿಟ್ಟು, ಚೌಕಟ್ಟಿಗೆ ಅಂಟಿಕೊಂಡ ಹಸಿರು ಪ್ಲಾಸ್ಟಿಕ್ ತುಂಡುಗಳು, ನಿಜದ ಅಳತೆಯ ನಲವತ್ತೆಂಟನೇ ಒಂದು ಪಾಲು. ನೆಲದ ಮೇಲೆ ಇಳಿಯುವ ಹೆಲಿಕಾಪ್ಟರು. ಅದನ್ನು ಸಮುದ್ರಕ್ಕೆ ಹೊಂದಿಸುವುದೆಂದರೆ ಬಣ್ಣ ಬದಲಾಯಿಸಿದರೆ ಆಯಿತು ಎಂದುಕೊಂಡಿದ್ದೆ. ನಿನ್ನ ಚೀಟಿಯ ಹಿಂಬದಿ ನೋಡಿ ತಲೆ ಕೆರೆದುಕೊಂಡೆ. ಮೂಗಿನ ಕೆಳಗೆ ರೇಡಾರಿನ ಗುಂಡನೆಯ ಮುಚ್ಚಳ ಬೇಕು, ನೀರಿಗೆ ಬಿದ್ದರೆ ಉಬ್ಬಿಕೊಂಡು ತೇಲಿಸುವ ಚೀಲಗಳು ಎರಡೂ ಪಕ್ಕಕ್ಕೆ ಬೇಕು, ಅಲೆಗೆ ಹೊಯ್ದಾಡುವ ಹಡಗನ್ನು ಗಟ್ಟಿಯಾಗಿ ಕಚ್ಚಿಕೊಳ್ಳಲು ಹೊಟ್ಟೆಯ ಕೆಳಗೊಂದು ಕೊಕ್ಕೆ ಬೇಕು. ರೆಕ್ಕೆಗಳು ಹಿಂದಕ್ಕೆ ಮಡಚಬೇಕು, ಬಾಲವೂ ಮಡಚಬೇಕು, ಇಲ್ಲದಿದ್ದರೆ ಹಡಗಿನ ಆ ಚಿಕ್ಕ ಕೋಣೆಯಲ್ಲಿ ಹಿಡಿಸುವುದಿಲ್ಲ. ಮತ್ತೆ ಬಾಗಿಲಿನ ಮೇಲೆ ರಾಟೆ, ಹಗ್ಗ ಇಳಿಸಿ ನೀರಿನಲ್ಲಿರುವವರನ್ನು ಮೇಲೆತ್ತುವುದಕ್ಕೆ.

ನನ್ನ ಹತ್ತಿರ ಇರುವುದು ಹಲ್ಲು ಕಟ್ಟುವ ಸಾಮಾನು. ಅದರಲ್ಲೇ ಮಾಡಿದೆ. ರೇಡಾರಿನ ಮುಚ್ಚಳವನ್ನು ಮೇಣದಲ್ಲಿ ತಿದ್ದಿ, ಅಚ್ಚು ತೆಗೆದು, ಹಲ್ಲುಸೆಟ್ಟಿನ ವಸಡಿಗೆ ಹಾಕುವ ಗುಲಾಬಿ ಅಕ್ರಿಲಿಕ್‌ನಲ್ಲಿ ಎರಕ ಹೊಯ್ದೆ. ತೇಲುವ ಚೀಲಗಳೂ ಅದರವೇ. ರೆಕ್ಕೆಯ ಕೀಲುಗಳು ಹಲ್ಲಿಗೆ ಕೊಕ್ಕೆ ಹಾಕುವ ಸ್ಟೀಲು ತಂತಿ. ಒಂದು ವಾರ ನಿನ್ನ ಹೆಲಿಕಾಪ್ಟರು ಮೇಜಿನ ಮೇಲೆ ಬಾಯಿ ಕಳೆದುಕೊಂಡು ವಸಡು ತೋರಿಸುತ್ತ ಕೂತಿತ್ತು. ಸೆಟ್ಟು ಸಡಿಲವಾಗಿದೆ ಎಂದು ಬಂದಿದ್ದ ನಿವೃತ್ತ ಹೆಡ್‌ಮಾಸ್ತರರು ಅದನ್ನು ನೋಡಿ, "ಇದ್ಯಾರದು ಬಾಯಿ?" ಎಂದು ಕೇಳಿದರು. ನನ್ನ ಮಗಳದು ಎಂದೆ. ಅವರಿಗೆ ಅರ್ಥವಾಗಲಿಲ್ಲ, ನನಗೂ ಪೂರ್ತಿ ಆಗಿರಲಿಲ್ಲ.

ಈಗ ಮತ್ತೆ ಎದ್ದು ಹೋಗಿ ನೋಡಿ ಬಂದೆ. ಇನ್ನೂ ಸ್ವಲ್ಪ ಅಂಟು ಇದೆ. ಹೊಳಪಿಲ್ಲದ ವಾರ್ನಿಷ್ ಇದು. ಏನನ್ನೇ ಮಾಡಿದರೂ ಮಿರಮಿರ ಮಿಂಚುವ ತನಕ ಉಜ್ಜುವ ಕೈ ನನ್ನದು, ಮಂಕಾಗಿ ಬಿಡುವುದಕ್ಕೆ ಎಷ್ಟು ಒದ್ದಾಡಿದೆನೋ ನನಗೇ ಗೊತ್ತು.

ರಾಟೆ ಯಾವ ಕಡೆ ಎಂದು ನೀನು ಬರೆದಿರಲಿಲ್ಲ. ಅದನ್ನು ಕೇಳಲು ನಿನಗೆ ಫೋನು ಮಾಡಿದೆನಲ್ಲ, ಅದಕ್ಕೆ ಮೂರು ದಿನ ಧೈರ್ಯ ಕೂಡಿಸಿಕೊಂಡಿದ್ದೆ. ನೀನು ಎತ್ತಿದ ಕೂಡಲೇ, ಹೇಗಿದ್ದೀಯ ಎಂದೂ ಕೇಳದೆ, ರಾಟೆ ಯಾವ ಕಡೆ ಎಂದೆ. ನೀನು ನಕ್ಕೆ. "ಬಲಗಡೆ ಅಪ್ಪ. ನಾನು ಅಲ್ಲೇ ಕೂರೋದು. ಹಗ್ಗ ಬಿಡೋಳು ನಾನೇ ಅಲ್ವಾ!" ಎಂದೆ. ನಾನು ಇಷ್ಟು ದಿನ ಕೇಳಿದವರಿಗೆಲ್ಲ ನೀನು ನೌಕಾಪಡೆಯ ಯಾವುದೋ ಕಚೇರಿಯಲ್ಲಿ ಕಾಗದಪತ್ರ ನೋಡುತ್ತೀಯ ಎಂದೇ ಹೇಳಿಕೊಂಡು ಬಂದಿದ್ದೆ. ತೆರೆದ ಬಾಗಿಲಲ್ಲಿ ಕಾಲು ಇಳಿಬಿಟ್ಟು ಸಮುದ್ರದ ಮೇಲೆ ಕೂರುತ್ತೀಯ ಎಂದು ನೀನು ಮೊದಲೂ ಹೇಳಿದ್ದೆ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಆಮೇಲೆ ನೀನು ಅಂದೆ: "ಭಾನುವಾರ ಬರ್ತೀಯಾ? ನಿನ್ನ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಮಗಳನ್ನ ನೀರಿಂದ ಎತ್ತಿದ ಅಪ್ಪನ್ನ ನೋಡಬೇಕಂತೆ ಎಲ್ಲರಿಗೂ."

ಫೋನು ಇಟ್ಟ ಮೇಲೆ ರಾಟೆ ಅಂಟಿಸಲು ಕೂತೆ. ಅಂಟಿಸಿದೆ, ಒಣಗಿತು, ಮರುದಿನ ನೋಡಿದರೆ ಎಡಗಡೆ ಇದೆ. ಮೂವತ್ತು ವರ್ಷ ಎದುರಿಗೆ ಕೂತವರ ಬಾಯಿ ನೋಡಿದ ಕೈ ಇದು. ಎದುರಿನವರ ಬಲದವಡೆ ಎಂದರೆ ನನಗೆ ಎಡ. ಬಲ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಎಡಕ್ಕೆ ಹೋಗುತ್ತದೆ. ಆದರೆ ಹೆಲಿಕಾಪ್ಟರನ್ನು ಅವತ್ತು ಬಾಲ ನನ್ನ ಕಡೆಗೆ, ಮೂಗು ಆಚೆಗೆ ಮಾಡಿ ಹಿಡಿದಿದ್ದೆ, ಅದರ ಬಲವೂ ನನ್ನ ಬಲವೂ ಒಂದೇ. ಸಣ್ಣ ಗರಗಸದಿಂದ ಕೊಯ್ದು ರಾಟೆಯನ್ನು ಬಲಕ್ಕೆ ಹಾಕಿದೆ. ಎಡಬಾಗಿಲ ಮೇಲೆ ಬಿದ್ದ ತೂತಿಗೆ ಗುಲಾಬಿ ವಸಡನ್ನೇ ತುಂಬಿ, ಮೇಲೆ ಬೂದು ಬಣ್ಣ ಬಳಿದೆ. ನೋಡಿದರೆ ಗೊತ್ತಾಗುವುದಿಲ್ಲ. ಬೆರಳಾಡಿಸಿದರೆ ಅಲ್ಲೊಂದು ಉಬ್ಬು ಸಿಗುತ್ತದೆ. ಅದನ್ನು ಉಜ್ಜಿ ತೆಗೆಯಬಹುದಿತ್ತು, ತೆಗೆಯಲಿಲ್ಲ.

ಸರಿ, ಹೆಲಿಕಾಪ್ಟರಿನ ವಿಷಯ ಮುಗಿಯಿತು. ಇನ್ನು ಕಾಲಿಗೆ ಬುದ್ಧಿ ಹೇಳಲು ಜಾಗವಿಲ್ಲ.

ಚಿನಕುರುಳಿ, ನಿನ್ನನ್ನು ಕೆರೆಯಿಂದ ಎತ್ತಿದ್ದು ನಾನಲ್ಲ.

ನಿನಗೆ ಆಗ ಆರು ವರ್ಷ. ದೋಣಿ ಹತ್ತುವ ಹಲಗೆಯ ಮೇಲೆ ನನ್ನ ಕೈ ಬಿಡಿಸಿಕೊಂಡು ಓಡಿದೆ, ತುದಿಯಲ್ಲಿ ಜಾರಿದೆ. ನೀನು ಬಿದ್ದದ್ದು ನನ್ನಿಂದ ನಾಲ್ಕು ಮಾರು ದೂರದಲ್ಲಿ. ನಿನ್ನ ಹಳದಿ ಫ್ರಾಕು ನೀರಿನ ಮೇಲೆ ಉಬ್ಬಿಕೊಂಡದ್ದು, ಆಮೇಲೆ ಒದ್ದೆಯಾಗಿ ಕೆಳಗೆ ಹೋದದ್ದು, ಎಲ್ಲವನ್ನೂ ನಿಂತು ನೋಡಿದೆ. ನನಗೆ ಈಜು ಬರುತ್ತಿರಲಿಲ್ಲ. ಅದಷ್ಟೇ ಆಗಿದ್ದರೆ ನಿನಗೆ ಎಂದೋ ಹೇಳಿಬಿಡುತ್ತಿದ್ದೆ. ಈಜು ಬಾರದ ಎಷ್ಟೋ ಅಪ್ಪಂದಿರು ಧುಮುಕಿದ್ದಾರೆ. ನನ್ನ ಕಾಲು ಹಲಗೆಯಿಂದ ಏಳಲಿಲ್ಲ. ಬಾಯಿಂದ ಕೂಗು ಕೂಡ ಬರಲಿಲ್ಲ. ದೋಣಿಯವನ ಹೆಂಡತಿ, ದೋಣಿ ಎಳೆಯುವ ಉದ್ದನೆಯ ಕೊಕ್ಕೆ ಹಿಡಿದು ಸೊಂಟದ ತನಕ ನೀರಿಗಿಳಿದು, ನಿನ್ನ ಫ್ರಾಕಿನ ಬೆಲ್ಟಿಗೆ ಕೊಕ್ಕೆ ಸಿಕ್ಕಿಸಿ ಎಳೆದುಕೊಂಡಳು. ಬೆನ್ನು ತಟ್ಟಿ ನೀರು ಕಕ್ಕಿಸಿದಳು. ಹಲಗೆಯ ಹತ್ತಿರ ಬಂದು ನಿನ್ನನ್ನು ನನ್ನ ತೋಳಿಗೆ ಹಾಕಿದಳು. ಆಗ ನೀನು ಕಣ್ಣು ಬಿಟ್ಟೆ. ನಿನಗೆ ಕಂಡದ್ದು ನನ್ನ ಮುಖ. "ಅಪ್ಪಾ, ನೀನು ಎತ್ಕೊಂಡ್ಯಾ?" ಎಂದೆ.

ನಾನು ಹೂಂ ಎಂದೆ.

ಆ ಹೆಂಗಸು ಕೇಳಿಸಿಕೊಂಡಳು. ಬಟ್ಟೆಯ ಅಂಚು ಹಿಂಡಿಕೊಳ್ಳುತ್ತ ನನ್ನನ್ನು ಒಂದು ಸಲ ನೋಡಿ, "ಮಗೂನ ಬೆಚ್ಚಗೆ ಸುತ್ತಿ, ಹೋಗಿ" ಎಂದಳು, ಅಷ್ಟೇ. ಮಾರನೇ ದಿನ ನಿಜ ಹೇಳೋಣ ಎಂದುಕೊಂಡೆ. ಮಾರನೇ ದಿನ ನೀನು ಪಕ್ಕದ ಮನೆಯವರಿಗೆಲ್ಲ ಅಪ್ಪ ಹೀಗೆ ಧುಮುಕಿದರು, ಹೀಗೆ ಎತ್ತಿದರು ಎಂದು ಕೈ ಬೀಸಿ ತೋರಿಸುತ್ತಿದ್ದೆ. ಆಮೇಲೆ ಶಾಲೆಯಲ್ಲಿ ಅದನ್ನೇ ಪ್ರಬಂಧ ಬರೆದೆ. ಆ ಒಂದು ಹೂಂ ಮೇಲೆ ನೀನು ಇಡೀ ಮನೆ ಕಟ್ಟಿಕೊಂಡೆ.

ನೌಕಾಪಡೆಯ ಸಂದರ್ಶನ ಮುಗಿಸಿ ಬಂದ ದಿನ ಊಟದ ಮೇಜಿನಲ್ಲಿ ನೀನು ಹೇಳಿದ್ದು ನೆನಪಿದೆಯೇ? ಈ ಕೆಲಸವೇ ಯಾಕೆ ಎಂದು ಅವರು ಕೇಳಿದಾಗ, ನಮ್ಮಪ್ಪ ನನ್ನನ್ನು ನೀರಿನಿಂದ ಎತ್ತಿದರು, ನಾನೂ ಎತ್ತಬೇಕು ಎಂದೆಯಂತೆ. ಅರ್ಧ ಊಟಕ್ಕೆ ನಾನು ಎದ್ದು ಹೋದೆ. ಆಮೇಲಿನ ದಿನಗಳಲ್ಲಿ ಬಾಯಿಗೆ ಬಂದಂತೆ ಮಾತಾಡಿದೆ. ಹೆಣ್ಣುಮಕ್ಕಳಿಗೆ ಬೇರೆ ಕೆಲಸವಿಲ್ಲವೇ ಎಂದೆ. ಹೋಗುವುದಾದರೆ ನನಗೆ ಮುಖ ತೋರಿಸಬೇಡ ಎಂದೆ. ಅಪ್ಪನಿಗೆ ಹೆದರಿಕೆ ಎಂದು ನೀನು ತಿಳಿದೆ, ಅದೂ ಸುಳ್ಳಲ್ಲ. ಆದರೆ ನನಗೆ ತಡೆದುಕೊಳ್ಳಲಾಗದ್ದು ಬೇರೆ. ನನ್ನ ಸುಳ್ಳನ್ನು ನಂಬಿಕೊಂಡು ನನ್ನ ಮಗಳು ಸಮುದ್ರದ ಮೇಲೆ ತೂಗಾಡಲು ಹೊರಟಿದ್ದಳು. ತಪ್ಪು ನನ್ನದು, ಬೈಗುಳ ನಿನಗೆ. ಇದನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳಲೂ ನನಗೆ ನಾಚಿಕೆಯಾಗುತ್ತಿದೆ.

ನಿನ್ನೆ ಮಧ್ಯಾಹ್ನ ನಿಮ್ಮಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಗೊತ್ತು" ಎಂದಳು. ಹೇಗೆ ಗೊತ್ತು ಎಂದರೆ, "ಅವತ್ತು ಬಟ್ಟೆ ಒಗೆದೋಳು ನಾನಲ್ವಾ? ಮಗು ಫ್ರಾಕಲ್ಲಿ ಒಂದು ಬಕೆಟ್ ನೀರಿತ್ತು. ನಿಮ್ಮ ಪ್ಯಾಂಟು ಇಸ್ತ್ರಿ ಗೆರೆ ಸಮೇತ ಒಣಗಿತ್ತು" ಎಂದಳು. ಹತ್ತೊಂಬತ್ತು ವರ್ಷ ಒಂದು ಮಾತು ಆಡಿಲ್ಲ! ಯಾಕೆ ಕೇಳಲಿಲ್ಲ ಎಂದೆ. "ನೀವೇ ಹೇಳ್ತೀರೇನೋ ಅಂತ ಕಾಯ್ತಿದ್ದೆ. ನನಗಲ್ಲ, ಅವಳಿಗೆ" ಎಂದಳು. ಅದಕ್ಕೇ ಈ ಕಾಗದ.

ನಿನಗೆ ಇದು ಶುಕ್ರವಾರ ಸಿಗುತ್ತದೆ. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ನಾನೂ ಅಮ್ಮನೂ ಎರಡನೇ ಗೇಟಿನ ಹತ್ತಿರ ಇರುತ್ತೇವೆ. ಇದೆಲ್ಲ ಓದಿದ ಮೇಲೂ ನನ್ನನ್ನು ನಿನ್ನವರಿಗೆ ತೋರಿಸಬೇಕು ಎನ್ನಿಸಿದರೆ ಗೇಟಿಗೆ ಬಾ. ಅವರಿಗೆ ನಿಜ ಹೇಳುವ ಕೆಲಸ ನನ್ನದು, ನಿನ್ನದಲ್ಲ. ಬರಲು ಮನಸ್ಸಾಗದಿದ್ದರೆ ಅಮ್ಮನನ್ನು ಒಳಗೆ ಕರೆಸಿಕೋ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಪೆಟ್ಟಿಗೆ ಅವಳ ಕೈಯಲ್ಲಿ ಕಳಿಸುತ್ತೇನೆ. ರೆಕ್ಕೆಗಳನ್ನು ಮಡಚಿಟ್ಟಿದ್ದೇನೆ, ಮೆಲ್ಲಗೆ ಬಿಡಿಸು, ಬಲವಂತ ಮಾಡಬೇಡ. ಕಿಟ್ಟಿನಲ್ಲಿ ಪೈಲಟ್ಟುಗಳು ಇಬ್ಬರೇ ಇದ್ದರು. ಬಲಬಾಗಿಲಿನಲ್ಲಿ ಕೂರಲು ನಾನೇ ಒಬ್ಬಳನ್ನು ಮೇಣದಲ್ಲಿ ತಿದ್ದಿ ಎರಕ ಹೊಯ್ದಿದ್ದೇನೆ. ಎದ್ದು ನಿಂತರೆ ಮೂರೂವರೆ ಸೆಂಟಿಮೀಟರು ಎತ್ತರ, ಹಲ್ಲು ಮಾತ್ರ ಇಟ್ಟಿಲ್ಲ. ಅವಳು ಕೆಳಗೆ ನೀರಿನ ಕಡೆ ನೋಡುತ್ತಿದ್ದಾಳೆ. ಕೈ ಚಾಚಿದ್ದಾಳೆ. ಆ ಕೈ ನಿನಗೆ ನನ್ನಿಂದ ಬಂದದ್ದಲ್ಲ, ನಿನ್ನದೇ. ಇಲ್ಲವೇ ಆ ದೋಣಿಯವಳದು.

ಇನ್ನೊಂದು ಸಣ್ಣ ಸಂಗತಿ. ನಗಬೇಡ. ನಿನ್ನ ಫೋನಿನ ಮರುದಿನದಿಂದ ಬೆಳಗಿನ ಹೊತ್ತು ಊರಿನ ಈಜುಕೊಳಕ್ಕೆ ಹೋಗುತ್ತಿದ್ದೇನೆ. ಎದೆಮಟ್ಟದ ನೀರು, ಅಷ್ಟೇ. ಕಲಿಸುವ ಹುಡುಗಿಗೆ ನಿನ್ನದೇ ವಯಸ್ಸು, "ತಾತಾ, ಕಂಬಿ ಬಿಡಿ, ನಾನಿದೀನಿ" ಎಂದು ದಿನಾ ಗೋಳು ಹೊಯ್ದುಕೊಳ್ಳುತ್ತಾಳೆ. ಹದಿನೇಳು ದಿನ ಬಿಡಲಿಲ್ಲ. ಇವತ್ತು ಬಿಟ್ಟೆ. ಆರು ಉಸಿರು ಎಣಿಸುವಷ್ಟು ಹೊತ್ತು ತೇಲಿದೆ, ಆಮೇಲೆ ನೀರು ಕುಡಿದೆ. ಇಷ್ಟು ದಿನ ಒದ್ದೆ ಚಡ್ಡಿಯನ್ನು ಯಾರಿಗೂ ಕಾಣದಂತೆ ಅಂಗಡಿಯ ಹಿಂದಿನ ಕಿಟಕಿಗೆ ಒಣಹಾಕುತ್ತಿದ್ದೆ. ಇವತ್ತು ನೇರ ಮನೆಗೆ ತಂದೆ. ನಿಮ್ಮಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು, ಎರಡು ಸಲ ಹಿಂಡಿದಳು, ನೀರು ಬೀಳುವುದನ್ನು ನೋಡಿದಳು, ಹಗ್ಗದ ಮೇಲೆ ಹರವಿದಳು. ಈಗ ಬರೆಯುತ್ತಿರುವಾಗಲೂ ಕಿಟಕಿಯಿಂದ ಕಾಣುತ್ತಿದೆ, ಇನ್ನೂ ಪೂರ್ತಿ ಒಣಗಿಲ್ಲ.

ಮೂರೂಕಾಲಾಯಿತು. ವಾರ್ನಿಷ್ ಒಣಗಿದೆ.

ನೀನು ಇಳಿಸುವ ಹಗ್ಗ ಯಾವತ್ತೂ ಬರಿದಾಗಿ ಮೇಲೆ ಬಾರದಿರಲಿ. ಬಾಗಿಲಲ್ಲಿ ಕೂತಾಗ ಬೆಲ್ಟು ಹಾಕಿಕೋ, ಮಗಳೇ.

ಎರಡನೇ ಗೇಟಿನಲ್ಲಿ ಕಾಯುವ,
ನಿನ್ನ ಅಪ್ಪ