ಅಪ್ಪನ ತೋಳಿಗೂ ಅದೇ ಬ್ಯಾಕ್ಟೀರಿಯಾ

ಪ್ರೀತಿಯ ಅಪ್ಪ,

ಮಗು ಈಗಷ್ಟೇ ಮಲಗಿದೆ, ಏಳುವುದರೊಳಗೆ ಬರೆದು ಮುಗಿಸುತ್ತೇನೆ. ನಾಲ್ಕನೆಯ ಇಂಜೆಕ್ಷನ್ ಬೇಡವೆಂದಿರಂತೆ. "ಮೊಮ್ಮಗಳನ್ನ ಎತ್ಕೊಳ್ಳೋ ಹಾಗಿಲ್ಲ ಅಂದ್ಮೇಲೆ ಬದುಕಿ ಏನು ಕಡಿದು ಕಟ್ಟೆ ಹಾಕ್ಲಿ?" ಎಂದು ಅಣ್ಣನನ್ನು ಕೇಳಿದಿರಂತೆ.

ತಪ್ಪು ನನ್ನದು. ನಿಮ್ಮ ತೋಳಿನ ಚರ್ಮದ ಕ್ಯಾನ್ಸರ್ ಗಂಟಿಗೆ ಜೀವಂತ ಬ್ಯಾಕ್ಟೀರಿಯಾ ಚುಚ್ಚುತ್ತಾರೆಂದು ಕೇಳಿದ್ದೇ ತಡ, ಮಗುವನ್ನು ಮುಟ್ಟಬೇಡಿ ಎಂದುಬಿಟ್ಟೆ. ಡಾಕ್ಟರನ್ನು ಒಂದು ಮಾತು ಕೇಳಲಿಲ್ಲ.

ನಿನ್ನೆ ಕೇಳಿದೆ. "ನಿಮ್ಮ ಮಗೂಗೆ ಹುಟ್ಟಿದ ವಾರದಲ್ಲೇ ಕ್ಷಯದ ಲಸಿಕೆ ಹಾಕ್ಸಿದ್ರಲ್ಲಮ್ಮ, ಅದ್ರಲ್ಲಿದ್ದಿದ್ದೂ ಇದೇ. ಬಲ ಕುಂದಿಸಿರೋದು," ಎಂದರು. ಗಂಟು ಕಣ್ಣೆದುರಿದ್ದರೂ ಗುರುತಿಸದೆ ಸುಮ್ಮನಿದ್ದ ಮೈಯ ಕಾವಲು ಕಣಗಳು ಈ ಬ್ಯಾಕ್ಟೀರಿಯಾ ಕಂಡೊಡನೆ ಎಚ್ಚೆತ್ತು ನುಗ್ಗುತ್ತವಂತೆ. ನುಗ್ಗಿದ ಮೇಲೆ ಕ್ಯಾನ್ಸರನ್ನೂ ವಿಚಾರಿಸಿಕೊಳ್ಳುತ್ತವಂತೆ. ನಿಮಗೆ ಬಂದ ಜ್ವರ, ಕೆಂಪು ಬಾವು ಆ ಜಗಳದ್ದೇ. ಸೂಜಿ ತಾಗದ, ಮೊಣಕೈ ಹತ್ತಿರದ ಇನ್ನೊಂದು ಗಂಟೂ ಸಣ್ಣದಾಗಿದೆಯಂತೆ. ಎಲ್ಲರಿಗೂ ಹೀಗಾಗುವುದಿಲ್ಲ, ಅರ್ಧಕ್ಕೆ ಬಿಡಬಾರದು ಎಂದರು. ಮೂವತ್ತು ವರ್ಷ ಬಸ್ಸು ಓಡಿಸುತ್ತ ಕಿಟಕಿಯಲ್ಲಿ ಬಿಸಿಲಿಗೆ ಒಡ್ಡಿದ ಬಲತೋಳು ಇನ್ನೂ ಇಷ್ಟು ಹೋರಾಡುತ್ತಿದೆಯಲ್ಲ ಎಂದು ನಾನು ಬೆರಗಾಗಿ ಕೂತಿದ್ದೆ.

ಗಾಯಕ್ಕೆ ಪಟ್ಟಿ ಕಟ್ಟಿ, ಕೈ ತೊಳೆದುಕೊಂಡರೆ ಮಗುವನ್ನು ಎತ್ತಿಕೊಳ್ಳಬಹುದಂತೆ. ಸೋಮವಾರ ಇಂಜೆಕ್ಷನ್ ಹಾಕಿಸಿಕೊಂಡು ನೇರ ನಮ್ಮ ಮನೆಗೇ ಬನ್ನಿ. ಸಡಿಲ ತೋಳಿನ ಅಂಗಿ ಹಾಕಿಕೊಳ್ಳಿ. ನಿಮ್ಮ ಮೊಮ್ಮಗಳು ಈಗ ಎಂಟು ಕಿಲೋ. ಬಾವು ಇಳಿಯುವವರೆಗೆ ಎಡಗೈಯಲ್ಲೇ ಎತ್ತಿಕೊಳ್ಳಬೇಕು, ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಪುಕ್ಕಲು ಮಗಳು