ನಿನ್ನ ಪುಸ್ತಕದ ದೆವ್ವದ ಹುಡುಗ

ಮಿಚಿಕೋ,

ಕುವೈತಿಗೆ ನುಗ್ಗಿದ ಇರಾಕಿನವರು ಜಪಾನಿಗಳಾದ ನಿಮ್ಮನ್ನೆಲ್ಲ ಬಾಗ್ದಾದಿಗೆ ಹಿಡಿದೊಯ್ದ ಮೇಲೆ ನಿನಗೆ ಬರೆಯಲು ನನ್ನಲ್ಲಿ ವಿಳಾಸವಿಲ್ಲ. ಆದರೂ ಹೇಳುತ್ತೇನೆ: ನೀನು ಚಿತ್ರ ತೋರಿಸಿ ಕಥೆ ಹೇಳುತ್ತಿದ್ದ ಆ ಜಪಾನಿ ಪುಸ್ತಕ ನನ್ನ ಹತ್ತಿರವೇ ಇದೆ.

ಇವತ್ತು ನಾವು ಕುವೈತ್ ಬಿಟ್ಟೆವು. ಗಡಿಯ ಚೆಕ್‌ಪೋಸ್ಟಿನಲ್ಲಿ ಇರಾಕಿ ಸೈನಿಕನೊಬ್ಬ ಅದನ್ನು ನನ್ನ ಚೀಲದಿಂದ ಎಳೆದು, "ಇದೇನು?" ಎಂದ.

"ಲವ್ ಸ್ಟೋರಿ. ಹುಡುಗ ದೆವ್ವ. ಹುಡುಗಿಗೆ ಅದು ಗೊತ್ತುಂಟು, ಆದ್ರೂ ದಿನಾ ಸೇತುವೆ ಹತ್ರ ಬರ್ತಾಳೆ. ಇನ್ನೂ ಕೈ ಕೂಡ ಹಿಡಿದಿಲ್ಲ."

"ಬಿಸಾಡು. ಖಲಾಸ್."

"ಬಿಡು ಮಗಾ," ಎಂದು ಅಮ್ಮ ನನ್ನ ತೋಳು ಜಗ್ಗಿದಳು.

ನಾನು ಬಿಡಲಿಲ್ಲ. "ಇದು ನನ್ನ ಗೆಳತಿಯದ್ದು. ಅವಳಿಗೇ ಕೊಡ್ಬೇಕು," ಎಂದು ಅವನ ಕೈಯಿಂದ ಕಿತ್ತುಕೊಂಡೆ.

ಅವನು ನನ್ನನ್ನೇ ದಿಟ್ಟಿಸಿದ. "ಕೊನೆಗೆ ಮದುವೆ ಆಗ್ತದಾ?"

"ಗೊತ್ತಿಲ್ಲ. ಕಥೆ ಹೇಳುವವಳನ್ನು ನೀವೇ ಕರ್ಕೊಂಡು ಹೋದ್ರಲ್ಲ!"

ಅವನು ಮುಖ ತಿರುಗಿಸಿ, "ಯಲ್ಲಾ, ಹೋಗು," ಎಂದ.

ಬಸ್ಸಿನಲ್ಲಿ ಕೊನೆಯ ಪುಟ ತೆರೆದೆ. ಚಿತ್ರದಲ್ಲಿ ಸೇತುವೆ ಹತ್ತಿರ ಹುಡುಗಿ ಒಬ್ಬಳೇ ನಿಂತಿದ್ದಳು.

"ಪಾಪ, ಅವ ಹೋಗಿಬಿಟ್ಟ," ಎಂದಳು ಅಮ್ಮ.

"ಹೋಗಿಲ್ಲ ಅಮ್ಮ. ಅವ ಚಿತ್ರದ ಹೊರಗೆ ನಿಂತಿದ್ದಾನೆ, ಅಷ್ಟೇ."

ಅಲ್ಲ ಅನ್ನುವುದಾದರೆ, ಮಿಚಿಕೋ, ನೀನೇ ಬಂದು ಹೇಳು.

ಸುಗಂಧಿ