ಪ್ರೂಯಿಟ್ ಹಾಕಿದ ಒಂಬತ್ತು ಅಂಕ

ಗುರುವಾರ, ಆಗಸ್ಟ್ 14, 1986. ಅಯೋವಾ.

ಈ ವರ್ಷದಿಂದ ಬೇಸ್‌ಬಾಲ್ ಅಂಪೈರ್‌ಗಳಾದ ನಮಗೆ ಆಟಗಾರರೇ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ನಮ್ಮನ್ನು ಮೇಲಿನ ಲೀಗ್‌ಗೆ ಆರಿಸುವಾಗ ಅದನ್ನೂ ನೋಡುತ್ತಾರಂತೆ. ಆ ಕರೆಗಾಗಿ ಹನ್ನೊಂದು ವರ್ಷದಿಂದ ಕಾಯುತ್ತಿದ್ದೇನೆ. ಆದರೂ, ಆಟಗಾರರ ಅಭಿಪ್ರಾಯ ಲೆಕ್ಕಕ್ಕೆ ಬರಬಾರದು ಎಂದು ಅಂಪೈರ್‌ಗಳ ಸಭೆಯಲ್ಲಿ ಕೂಗಾಡಿದವನು ನಾನೇ.

ಇವತ್ತು ಕೊನೆಯ ಇನಿಂಗ್ಸ್‌ನಲ್ಲಿ, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಎಸೆತಗಳನ್ನು ಹಿಡಿಯುತ್ತಿದ್ದ ಕ್ಯಾಚರ್ ಪ್ರೂಯಿಟ್ ಮಾತು ತೆಗೆದ. ತಿರುಗಿ ನೋಡಲಿಲ್ಲ. ಕ್ಯಾಚರ್ ತಿರುಗಿದರೆ ಅಂಪೈರ್ ಜೊತೆ ಜಗಳವೆಂದು ಇಡೀ ಮೈದಾನಕ್ಕೆ ಗೊತ್ತಾಗುತ್ತದೆ.

"ಯಜಮಾನ್ರೇ, ನಿಮ್ಗೆ ಒಂಬತ್ತು ಹಾಕಿದೀನಿ."

"ಬಾಯ್ಮುಚ್ಕೊಂಡು ಚೆಂಡು ಹಿಡಿ."

"ಒಂದು ಕಳೆದಿದ್ದು ಬೆಳ್ಳುಳ್ಳಿಗೆ. ಮೂರು ಗಂಟೆಯಿಂದ ನನ್ನ ಕಿವಿ ಪಕ್ಕಾನೇ ಉಸಿರು ಬಿಡ್ತಿದೀರಿ."

ಅಷ್ಟರಲ್ಲಿ ಚೆಂಡು ಬಂತು, ದಾಂಡಿಗನ ಮುಂದಿನ ಪ್ಲೇಟಿನ ನಟ್ಟನಡುವೆ. ಸರಿಯಾದ ಎಸೆತ, ಮೂರನೇ ಸ್ಟ್ರೈಕ್ ಎಂದು ನಾನು ಕೂಗಿದರೆ ದಾಂಡಿಗ ಔಟ್, ಪ್ರೂಯಿಟ್ ತಂಡಕ್ಕೆ ಗೆಲುವು. ನಾನು ತಪ್ಪು ಎಸೆತ ಎಂದುಬಿಟ್ಟೆ. ಮುಂದಿನ ಚೆಂಡನ್ನು ದಾಂಡಿಗ ಬೇಲಿಯಾಚೆಗೆ ಹೊಡೆದ. ಪ್ರೂಯಿಟ್ ತಂಡ ಸೋತಿತು.

ಆಗಲೂ ಪ್ರೂಯಿಟ್ ತಿರುಗಲಿಲ್ಲ. "ಆ ಅಂಕದ ಚೀಟಿ ಇನ್ನೂ ನನ್ನತ್ರಾನೇ ಇದೆ, ಯಜಮಾನ್ರೇ. ರಬ್ಬರ್ ಇದ್ರೆ ಕೊಡ್ತೀರಾ?"

ಅದು ಸ್ಟ್ರೈಕ್ ಎಂದು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡಿತ್ತು. ಒಂಬತ್ತು ಅಂಕಕ್ಕೆ ಮಾರಿಕೊಂಡೆ ಅನ್ನಿಸಬಾರದೆಂದು ಹೆದರಿ ಉಲ್ಟಾ ಹೇಳಿದೆ. ಆಟಗಾರನ ಅಭಿಪ್ರಾಯವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಅಂಪೈರ್ ಈ ಲೀಗ್‌ನಲ್ಲಿ ಇನ್ನೊಬ್ಬನಿರಲಾರ.

ನನ್ನನ್ನು ಕೇಳಿದ್ದರೆ ಇವತ್ತಿನ ನನ್ನ ತೀರ್ಪಿಗೆ ಎರಡು ಹಾಕುತ್ತಿದ್ದೆ. ಅಂಪೈರ್‌ನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುವುದಿಲ್ಲ.